ಅವುಡುಗಚ್ಚಿ ಸಹಿಸಬೇಕಾದ ನೋವಲ್ಲ

(ಕುಟುಂಬ ಸಮಾವೇಶವೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಆರೋಗ್ಯದ ಕುರಿತು ಸಭೆ ನಡೆದಾಗಲೆಲ್ಲ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯಾಘಾತಗಳ ಬಗ್ಗೆ ಉಪನ್ಯಾಸಗಳಾಗುತ್ತವೆ. ಆಗಬೇಕಾದದ್ದೇ. ಆದರೆ ಜೀವ ತೆಗೆಯದೆ ಜೀವನವನ್ನು ಮಾತ್ರ ಹಿಂಡಿ ಹಾಕುವ ಕೆಲವು ನೋವುಗಳಿವೆ. ಅವುಗಳಿಗೆ ವೇದಿಕೆ ಸಿಗುವುದಿಲ್ಲ. ದವಡೆಯ ಸ್ನಾಯು ಮತ್ತು ಕೀಲಿನ ನೋವು ಅಂಥವುಗಳಲ್ಲೊಂದು. ಇಂದು ನಾವು ಆ ವಿಷಯವನ್ನೇ ಎತ್ತಿಕೊಂಡಿದ್ದೇವೆ. ನಾವು ವೈದ್ಯರಲ್ಲ, ಓದುವ ಮತ್ತು ಬರೆಯುವ ವೃತ್ತಿಯವರು. ಆದ್ದರಿಂದ ಇಲ್ಲಿ ಹೇಳುವುದನ್ನು ಔಷಧ ಚೀಟಿಯೆಂದು ಭಾವಿಸಬಾರದು. ವೈದ್ಯರ ಮುಂದೆ ಕುಳಿತಾಗ ಏನನ್ನು ಕೇಳಬೇಕೆಂದು ತಿಳಿಸುವ ಪ್ರಯತ್ನವೆಂದು ಸ್ವೀಕರಿಸಬೇಕು.

ಕನ್ನಡದಲ್ಲಿ ‘ಅವುಡುಗಚ್ಚು’ ಎಂಬ ಪದವಿದೆ. ಅವುಡು ಎಂದರೆ ದವಡೆ. ಕಷ್ಟ ಬಂದಾಗ ಬಾಯಿಬಿಡದೆ, ದವಡೆಗಳನ್ನು ಒತ್ತಿ ಹಿಡಿದು ಸಹಿಸುವುದನ್ನು ನಮ್ಮ ಹಿರಿಯರು ಹೀಗೆ ಹೇಳಿದರು. ವಿಪರ್ಯಾಸವೆಂದರೆ, ಹಾಗೆ ಒತ್ತಿ ಹಿಡಿಯುವ ಅಭ್ಯಾಸವೇ ಈ ಕಾಯಿಲೆಯನ್ನು ಕೆರಳಿಸುತ್ತದೆ. ಸಹಿಸುವ ಭಂಗಿಯೇ ನೋವನ್ನು ಬೆಳೆಸುತ್ತದೆ.

ಈ ನೋವು ಪುರುಷರಿಗಿಂತ ಮಹಿಳೆಯರಲ್ಲಿ ಸುಮಾರು ಎರಡು ಪಟ್ಟು ಹೆಚ್ಚು ಕಾಣಿಸುತ್ತದೆ. ಅದರಲ್ಲೂ ದುಡಿಯುವ, ಹೆರುವ, ಮಕ್ಕಳನ್ನು ಸಾಕುವ ವಯಸ್ಸಿನವರಲ್ಲಿ. ನಮ್ಮ ಪಟ್ಟಣಗಳಲ್ಲಿ ಇಂಥ ರೋಗಿಯ ಅಲೆದಾಟ ಹೇಗಿರುತ್ತದೆಂದು ನೋಡಿರಿ. ಬೆಳಿಗ್ಗೆ ಏಳುವಾಗ ಕೆನ್ನೆ ಬಿಗಿದಿರುತ್ತದೆ. ರೊಟ್ಟಿ ಜಗಿದರೆ ಕಿವಿಯ ಮುಂಭಾಗದಲ್ಲಿ ಚುಚ್ಚುತ್ತದೆ. ಕಣತಲೆಯಲ್ಲಿ ನೋವು. ಕಿವಿಯದೇ ತೊಂದರೆಯೆಂದು ಕಿವಿ ವೈದ್ಯರಲ್ಲಿಗೆ ಹೋದರೆ ಕಿವಿ ಸರಿಯಾಗಿದೆ ಎನ್ನುತ್ತಾರೆ. ಬಳಿಕ ಹಲ್ಲಿನ ಮೇಲೆ ಸಂಶಯ. ಒಂದು ಹಲ್ಲಿಗೆ ರೂಟ್ ಕೆನಾಲ್ ಆಗುತ್ತದೆ, ಇನ್ನೊಂದನ್ನು ಕೀಳಲಾಗುತ್ತದೆ, ನೋವು ಮಾತ್ರ ಇದ್ದಲ್ಲೇ ಇರುತ್ತದೆ. ಆಗ ಮನೆಯ ಹಿರಿಯರಿಗೆ ದೃಷ್ಟಿ ತಗಲಿದ ಅನುಮಾನ ಹುಟ್ಟುತ್ತದೆ, ಕೊರಳಿಗೆ ತಾಯಿತ ಬರುತ್ತದೆ. ತಾಯಿತವೂ ಫಲಿಸದಿದ್ದಾಗ, “ಅವಳಿಗೆ ಏನೂ ಇಲ್ಲ, ಎಲ್ಲ ಟೆನ್ಶನ್” ಎಂಬ ತೀರ್ಪು ಹೊರಬೀಳುತ್ತದೆ. ಕೊನೆಯ ಉಪದೇಶ, ಸಬ್ರ್ ಮಾಡಮ್ಮಾ ಎಂದು.

ಈ ‘ಸಬ್ರ್’ ಎಂಬ ಪದಕ್ಕೆ ನಾವು ಮಾಡಿರುವ ಅನ್ಯಾಯದ ಬಗ್ಗೆ ಎರಡು ಮಾತು ಹೇಳಲೇಬೇಕು. ಸಹನೆಯ ಆದರ್ಶವಾಗಿ ಕುರ್‌ಆನ್ ನಮ್ಮ ಮುಂದಿಟ್ಟಿರುವುದು ಪ್ರವಾದಿ ಅಯ್ಯೂಬ್(ಅ)ರನ್ನು. ಅವರು ನೋವನ್ನು ಮುಚ್ಚಿಡಲಿಲ್ಲ. ತಮಗೆ ಸಂಕಟವಾಗಿದೆಯೆಂದು ತಮ್ಮ ಪ್ರಭುವಿನೊಡನೆ ಬಾಯಿಬಿಟ್ಟು ಹೇಳಿಕೊಂಡರು. ಅದಕ್ಕೆ ಉತ್ತರವಾಗಿ ಅವರಿಗೆ ದೊರೆತದ್ದು ಕೇವಲ ಸಾಂತ್ವನದ ನುಡಿಯಲ್ಲ, ಮೀಯಲು ಮತ್ತು ಕುಡಿಯಲು ತಂಪಾದ ನೀರು. ಅಂದರೆ ಒಂದು ಉಪಚಾರ. ಔಷಧೋಪಚಾರವನ್ನು ಅರಸಬೇಕೆಂದು ಪ್ರವಾದಿವರ್ಯರು(ಸ) ಅನುಯಾಯಿಗಳಿಗೆ ಬೋಧಿಸಿದರು. ಹೀಗಿರುವಾಗ ನೋವನ್ನು ಹೇಳಿಕೊಂಡ ಸೊಸೆಯನ್ನು ಸಹನೆಗೇಡಿಯೆಂದು ಜರೆಯುವ ಧರ್ಮ ಯಾವುದು? ಅದು ನಮ್ಮ ಸೋಮಾರಿತನಕ್ಕೆ ನಾವೇ ತೊಡಿಸಿದ ಧಾರ್ಮಿಕ ವೇಷವಷ್ಟೆ.

ಇನ್ನು ವಿಷಯಕ್ಕೆ ಬರೋಣ. ನಿಮ್ಮ ಬೆರಳನ್ನು ಕಿವಿಯ ರಂಧ್ರದ ಸ್ವಲ್ಪ ಮುಂದಕ್ಕಿಟ್ಟು ಬಾಯಿ ತೆರೆದು ಮುಚ್ಚಿರಿ. ಬೆರಳಿನಡಿ ಏನೋ ಹೊರಳಿದಂತಾಗುತ್ತದೆ. ಅದೇ ದವಡೆಯ ಕೀಲು. ಎಡಕ್ಕೊಂದು, ಬಲಕ್ಕೊಂದು. ಒಂದೇ ಮೂಳೆಯ ಎರಡು ತುದಿಗಳಾದ್ದರಿಂದ ಒಂದನ್ನು ಬಿಟ್ಟು ಇನ್ನೊಂದು ಚಲಿಸಲಾರದು. ಬಾಗಿಲಿನ ತಿರುಗಣಿಯಂತೆ ತಿರುಗುವುದರ ಜೊತೆಗೆ ಈ ಕೀಲು ಮುಂದಕ್ಕೆ ಜಾರುತ್ತದೆ ಕೂಡ. ಎರಡು ಮೂಳೆಗಳು ಉಜ್ಜಿಕೊಳ್ಳದಂತೆ ನಡುವೆ ಮೆತ್ತನೆಯ ತಟ್ಟೆಯೊಂದಿದೆ, ವೈದ್ಯರು ಡಿಸ್ಕ್ ಎನ್ನುತ್ತಾರೆ. ಇದನ್ನೆಲ್ಲ ಎಳೆದಾಡಿಸುವುದು ಕೆನ್ನೆಯ ಮತ್ತು ಕಣತಲೆಯ ಬಲಿಷ್ಠ ಸ್ನಾಯುಗಳು. ಹಲ್ಲು ಕಚ್ಚಿದಾಗ ಕೆನ್ನೆಯಲ್ಲಿ ಗಡ್ಡೆಯಂತೆ ಏಳುವುದು ಅವುಗಳಲ್ಲೊಂದು.

ನೋವು ಮೂರು ಕಡೆಗಳಿಂದ ಬರಬಹುದು: ಸ್ನಾಯುವಿನಿಂದ, ಜಾರಿದ ಡಿಸ್ಕ್‌ನಿಂದ, ಇಲ್ಲವೇ ಕೀಲಿನ ಸವೆತ ಅಥವಾ ಉರಿಯೂತದಿಂದ. ಬಹಳಷ್ಟು ಮಂದಿಯಲ್ಲಿ ಸ್ನಾಯುವಿನ ಪಾತ್ರವೇ ದೊಡ್ಡದು. ಅನೇಕರಲ್ಲಿ ಎರಡು ಮೂರು ಕಾರಣಗಳು ಬೆರೆತಿರುತ್ತವೆ. ಸ್ನಾಯುವಿನ ನೋವಿಗೆ ವಿಳಾಸ ಬದಲಿಸುವ ಗುಣವೂ ಉಂಟು. ಕೆನ್ನೆಯಲ್ಲಿ ಹುಟ್ಟಿದ ನೋವು ಹಲ್ಲಿನಲ್ಲಿ, ಕಿವಿಯಲ್ಲಿ, ತಲೆಯಲ್ಲಿ ಕಾಣಿಸಿಕೊಳ್ಳಬಲ್ಲದು. ಆರೋಗ್ಯವಂತ ಹಲ್ಲು ಪಾಪದ ಬಲಿಯಾಗುವುದು ಇದರಿಂದಲೇ. ಬಾಯಿ ತೆರೆಯುವಾಗ ‘ಟಕ್’ ಎಂಬ ಸದ್ದು ಬರುವುದನ್ನು ಕಂಡು ಕೆಲವರು ಗಾಬರಿಯಾಗುತ್ತಾರೆ. ನೋವಿಲ್ಲದಿದ್ದರೆ, ಬಾಯಿ ಸರಿಯಾಗಿ ತೆರೆಯುತ್ತಿದ್ದರೆ ಆ ಸದ್ದಿಗೆ ಚಿಕಿತ್ಸೆ ಬೇಕಾಗಿಲ್ಲ. ಸದ್ದನ್ನು ತೋರಿಸಿ ಶಸ್ತ್ರಕ್ರಿಯೆಯ ಮಾತೆತ್ತುವವರ ಮುಂದಿನಿಂದ ಎದ್ದು ಬರುವುದು ಲೇಸು.

ಇಷ್ಟು ಕಟುವಾಗಿ ಹೇಳುವುದಕ್ಕೆ ಕಾರಣವಿದೆ. ಈ ನೋವಿನ ಚಿಕಿತ್ಸೆಯ ಇತಿಹಾಸ ಅಷ್ಟೊಂದು ಹೆಮ್ಮೆ ಪಡುವಂಥದ್ದಲ್ಲ. 1934ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ಕಿವಿ-ಗಂಟಲು ವೈದ್ಯ ಜೇಮ್ಸ್ ಕೋಸ್ಟನ್ ಎಂಬವರು ಕೇವಲ 11 ರೋಗಿಗಳನ್ನು ಆಧರಿಸಿ ಒಂದು ಪ್ರಬಂಧ ಪ್ರಕಟಿಸಿದರು. ಹಿಂದಿನ ಹಲ್ಲುಗಳು ಬಿದ್ದು ಹೋಗಿ ಕಚ್ಚುವಿಕೆ ಕುಸಿದುದರಿಂದ ದವಡೆಯ ಕೀಲು ಕಿವಿಯ ಕಡೆಗೆ ಒತ್ತುತ್ತದೆ, ನೋವಿಗೆ ಇದೇ ಮೂಲ ಎಂಬುದು ಅವರ ವಾದವಾಗಿತ್ತು. ಅಂಗರಚನೆಯ ದೃಷ್ಟಿಯಿಂದ ಆ ವಾದ ಮುಂದೆ ನಿಲ್ಲಲಿಲ್ಲ. ಆದರೆ ‘ಹಲ್ಲಿನ ಹೊಂದಾಣಿಕೆ ತಪ್ಪಿದೆ, ಅದನ್ನು ಸರಿಪಡಿಸಿದರೆ ನೋವು ಹೋಗುತ್ತದೆ’ ಎಂಬ ನಂಬಿಕೆ ದಂತ ವೈದ್ಯಕೀಯದಲ್ಲಿ ದಶಕಗಳ ಕಾಲ ಬೇರು ಬಿಟ್ಟಿತು. ಆ ನಂಬಿಕೆಯ ಹೆಸರಿನಲ್ಲಿ ಸರಿಯಾಗಿದ್ದ ಹಲ್ಲುಗಳನ್ನು ಉಜ್ಜಿ ತಗ್ಗಿಸಲಾಯಿತು, ಸಾಲು ಸಾಲು ಹಲ್ಲುಗಳಿಗೆ ಕ್ಯಾಪ್ ತೊಡಿಸಲಾಯಿತು. ಉಜ್ಜಿದ ಹಲ್ಲು ಮರಳಿ ಬೆಳೆಯುವುದಿಲ್ಲ.

ಇದಕ್ಕಿಂತ ಘೋರವಾದುದು ಇನ್ನೊಂದಿದೆ. ಅಮೆರಿಕದ ಹ್ಯೂಸ್ಟನ್ ನಗರದ ವೈಟೆಕ್ ಎಂಬ ಕಂಪೆನಿ 1983ರಿಂದ ದವಡೆ ಕೀಲಿನ ಡಿಸ್ಕ್‌ಗೆ ಬದಲಿಯಾಗಿ ಕೃತಕ ತುಂಡೊಂದನ್ನು ಮಾರತೊಡಗಿತು. ಟೆಫ್ಲಾನ್ ಬೆರೆತ ಪ್ರೋಪ್ಲಾಸ್ಟ್ ಎಂಬ ವಸ್ತುವಿನಿಂದ ಅದನ್ನು ತಯಾರಿಸಲಾಗಿತ್ತು. 20,000ಕ್ಕೂ ಅಧಿಕ ತುಂಡುಗಳು ಮಾರಾಟವಾದವು. ಆದರೆ ದವಡೆ ಸುಮ್ಮನಿರುವ ಅಂಗವಲ್ಲ. ಜಗಿಯುವ ಒತ್ತಡಕ್ಕೆ ಸಿಲುಕಿ ಅದು ಸವೆದು ಸೂಕ್ಷ್ಮ ಚೂರುಗಳಾಯಿತು. ದೇಹದ ರಕ್ಷಣಾ ಕಣಗಳು ಆ ಚೂರುಗಳ ಮೇಲೆ ಮುಗಿಬಿದ್ದಾಗ ಸುತ್ತಲಿನ ಮೂಳೆಯೇ ಕರಗತೊಡಗಿತು. ಕೆಲವರಲ್ಲಿ ತಲೆಬುರುಡೆಯ ತಳದವರೆಗೂ ಹಾನಿ ತಲುಪಿತು. 1990ರಲ್ಲಿ ಕಂಪೆನಿ ದಿವಾಳಿಯೆಂದು ಘೋಷಿಸಿಕೊಂಡಿತು. ಆ ಬಳಿಕವಷ್ಟೇ ಅಲ್ಲಿನ ಸರಕಾರಿ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಎಚ್ಚೆತ್ತು ಎಚ್ಚರಿಕೆ ನೀಡಿತು, ತುಂಡುಗಳನ್ನು ಮಾರುಕಟ್ಟೆಯಿಂದ ಹಿಂತೆಗೆಸಿತು. 1992ರಲ್ಲಿ ಈ ವಿಷಯ ಅಮೆರಿಕದ ಸಂಸತ್ತಿನ ಸಮಿತಿಯ ವಿಚಾರಣೆಗೂ ಬಂತು. ಪರಿಹಾರ ಕೊಡಬೇಕಾದ ಕಂಪೆನಿ ಮುಳುಗಿತ್ತು. ರೋಗಿಗಳಲ್ಲಿ ಬಹುಪಾಲು ಮಹಿಳೆಯರು. ಒಂದರ ಮೇಲೊಂದು ಶಸ್ತ್ರಕ್ರಿಯೆ ಮಾಡಿಸಿಕೊಳ್ಳುವುದೇ ಅವರಲ್ಲನೇಕರ ಬದುಕಾಯಿತು.

ಅತ್ಯಂತ ಶ್ರೀಮಂತ ದೇಶದಲ್ಲಿ, ಸರಕಾರಿ ಅನುಮತಿ ಪಡೆದ ಉತ್ಪನ್ನದಿಂದ ಹೀಗಾಯಿತು. ನೋವಿನಿಂದ ಕಂಗೆಟ್ಟ ರೋಗಿ ಮತ್ತು ತ್ವರಿತ ಪರಿಹಾರ ಮಾರುವ ಮಾರುಕಟ್ಟೆ ಮುಖಾಮುಖಿಯಾದಾಗ ಯಾರು ಸೋಲುತ್ತಾರೆಂಬುದಕ್ಕೆ ಬೇರೆ ಉದಾಹರಣೆ ಬೇಕಾಗಿಲ್ಲ. 1996ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ತಜ್ಞರ ಸಮಾವೇಶವೊಂದನ್ನು ಕರೆದು ಚಿಕಿತ್ಸೆಗಳನ್ನೆಲ್ಲ ಒರೆಗೆ ಹಚ್ಚಿತು. ಮೊದಲು ಸರಳವಾದ, ಹಿಂತೆಗೆಯಬಹುದಾದ ಉಪಚಾರಗಳನ್ನು ಮಾಡಬೇಕೆಂಬುದು ಅಲ್ಲಿ ಮೂಡಿಬಂದ ನಿಲುವು. ‘ಹಿಂತೆಗೆಯಬಹುದಾದ’ ಎಂಬ ಈ ಪದವನ್ನು ದಯವಿಟ್ಟು ನೆನಪಿನಲ್ಲಿಡಿರಿ. ನಾಳೆ ಬೇಡವೆನಿಸಿದರೆ ನಿಲ್ಲಿಸಿ, ದೇಹ ಮೊದಲಿದ್ದಂತೆಯೇ ಉಳಿಯುವ ಚಿಕಿತ್ಸೆಗೆ ಹಾಗೆನ್ನುತ್ತಾರೆ.

ಹಾಗಾದರೆ ಯಾವುದು ಫಲ ಕೊಡುತ್ತದೆ? 2023ರ ಡಿಸೆಂಬರ್‌ನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಈ ಕುರಿತು ಒಂದು ಮಾರ್ಗಸೂಚಿಯನ್ನು ಪ್ರಕಟಿಸಿತು. ಮೂರು ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಕಾಲ ಉಳಿದ ದವಡೆ ನೋವಿಗೆ ಸಂಬಂಧಿಸಿದ ಸಂಶೋಧನೆಗಳನ್ನು ತೂಗಿ ನೋಡಿ ಅದನ್ನು ಸಿದ್ಧಪಡಿಸಲಾಗಿದೆ. ಅದು ಬಲವಾಗಿ ಶಿಫಾರಸು ಮಾಡಿದ ಚಿಕಿತ್ಸೆಗಳಲ್ಲಿ ಒಂದಾದರೂ ಚಾಕುವಿನದ್ದಲ್ಲ, ಸೂಜಿಯದ್ದಲ್ಲ, ಮಾತ್ರೆಯದ್ದೂ ಅಲ್ಲ. ತರಬೇತಿ ಪಡೆದವರು ಕೈಯಿಂದ ದವಡೆಯನ್ನು ಸಡಿಲಿಸುವುದು, ಸ್ನಾಯುವಿನಲ್ಲಿ ಗಂಟು ಕಟ್ಟಿದ ನೋವಿನ ಬಿಂದುಗಳನ್ನು ಒತ್ತಿ ನೀವುವುದು, ಮೇಲ್ವಿಚಾರಣೆಯಲ್ಲಿ ಮಾಡಿಸುವ ದವಡೆಯ ಹಾಗೂ ಭಂಗಿಯ ವ್ಯಾಯಾಮಗಳು, ಯೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಮನಶ್ಶಾಸ್ತ್ರೀಯ ಚಿಕಿತ್ಸೆ, ಇವುಗಳ ಜೊತೆಗೆ ರೋಗಿಗೆ ತಿಳುವಳಿಕೆ, ಧೈರ್ಯ ಮತ್ತು ಮನೆ ವ್ಯಾಯಾಮ. ಕೇಳುವಾಗ ಇಷ್ಟೇನಾ ಎನಿಸಬಹುದು. ಆಧುನಿಕ ಯಂತ್ರವಿಲ್ಲದ ಚಿಕಿತ್ಸೆಯನ್ನು ಚಿಕಿತ್ಸೆಯೆಂದು ಒಪ್ಪದ ಮನಸ್ಥಿತಿ ನಮ್ಮದು.

ಕೈಚಿಕಿತ್ಸೆಯನ್ನು ಕೀಳಾಗಿ ಕಾಣುವವರಿಗೆ ಒಂದು ನೆನಪು. ಕುರ್ತುಬಾದ ಬಳಿಯ ಮದೀನತುಝ್ಝಹ್ರಾದ ಅಬುಲ್ ಕಾಸಿಮ್ ಅಝ್ಝಹ್ರಾವಿ ಮಧ್ಯಯುಗದ ಶ್ರೇಷ್ಠ ಶಸ್ತ್ರವೈದ್ಯರಲ್ಲೊಬ್ಬರು. ಅವರ ‘ಅತ್ತಸ್ರೀಫ್’ 30 ಭಾಗಗಳ ಮಹಾಗ್ರಂಥ, ಕೊನೆಯ ಭಾಗ ಶಸ್ತ್ರಚಿಕಿತ್ಸೆಗೆ ಮೀಸಲು. ತಾವೇ ಬಳಸುತ್ತಿದ್ದ ಉಪಕರಣಗಳ ಚಿತ್ರಗಳನ್ನು ಬರೆದಿಟ್ಟ ಆ ಶಸ್ತ್ರವೈದ್ಯರು ಜಾರಿದ ದವಡೆಗೆ ಹೇಳಿದ್ದು ಕೈಯ ಚಿಕಿತ್ಸೆಯನ್ನೇ. ಜೋರಾಗಿ ಆಕಳಿಸಿ ಬಾಯಿ ತೆರೆದಲ್ಲೇ ಸಿಕ್ಕಿಕೊಂಡಾಗ ವೈದ್ಯರು ಇಂದಿಗೂ ಹೆಬ್ಬೆರಳುಗಳನ್ನು ಕೆಳಗಿನ ಹಿಂದವಡೆ ಹಲ್ಲುಗಳ ಕಡೆ ಇಟ್ಟು, ಕೆಳಕ್ಕೊತ್ತಿ ಹಿಂದಕ್ಕೆ ಸರಿಸಿ ಕೂರಿಸುತ್ತಾರೆ. (ಇದನ್ನು ಮನೆಯಲ್ಲಿ ಪ್ರಯೋಗಿಸಬಾರದು. ಹೆಬ್ಬೆರಳಿಗೂ ಅಪಾಯ, ದವಡೆಗೂ ಅಪಾಯ.)

ಮನೆಯಲ್ಲಿ ಮಾಡಬಹುದಾದುದು ಬೇರೆಯೇ ಇದೆ. ಎಲ್ಲಕ್ಕಿಂತ ಮೊದಲನೆಯದು, ಹಲ್ಲುಗಳನ್ನು ಬಿಡಿಸುವುದು. ಊಟ ಮಾಡುವಾಗ, ನುಂಗುವಾಗಲ್ಲದೆ ಉಳಿದ ವೇಳೆಯಲ್ಲಿ ಮೇಲಿನ ಮತ್ತು ಕೆಳಗಿನ ಹಲ್ಲುಗಳು ಪರಸ್ಪರ ತಾಗಿರಬಾರದು. ತುಟಿ ಮುಚ್ಚಿರಲಿ, ಹಲ್ಲು ಬಿಟ್ಟಿರಲಿ, ನಾಲಿಗೆಯ ತುದಿ ಮೇಲಿನ ಮುಂಹಲ್ಲುಗಳ ಹಿಂದಿನ ವಸಡಿಗೆ ಹಗುರವಾಗಿ ತಾಗಿರಲಿ. ನಾವು ಮದ್ರಸಾದಲ್ಲಿ ತಜ್‌ವೀದ್ ಕಲಿಯುವಾಗ ‘ನೂನ್’ ಅಕ್ಷರದ ಮಖ್ರಜ್ ಎಲ್ಲಿ ಎಂದು ಉಸ್ತಾದರು ಕೇಳುತ್ತಿದ್ದರು. ನಾಲಿಗೆಯ ತುದಿ ಮೇಲಿನ ಮುಂಹಲ್ಲುಗಳ ವಸಡಿಗೆ ತಾಗುವಲ್ಲಿ ಎಂಬುದು ಉತ್ತರ. ಫಿಸಿಯೋಥೆರಪಿಸ್ಟರು ದವಡೆಯ ವಿಶ್ರಾಂತಿಯ ಭಂಗಿಯೆಂದು ಕಲಿಸುವುದೂ ಬಹುತೇಕ ಅದೇ ಜಾಗವನ್ನು. ಸದ್ದಿಲ್ಲದೆ ನೂನ್ ಉಚ್ಚರಿಸಿ ನಾಲಿಗೆಯನ್ನು ಅಲ್ಲೇ ನಿಲ್ಲಿಸಿರಿ, ದವಡೆ ತಾನಾಗಿ ಸಡಿಲಗೊಳ್ಳುವುದು ಗೊತ್ತಾಗುತ್ತದೆ. ನಮ್ಮ ಮಕ್ಕಳಿಗೆ ಇದನ್ನು ಕಲಿಸಲು ಚಿತ್ರಪಟವೂ ಬೇಕಾಗಿಲ್ಲ.

ಅದೇ ಭಂಗಿಯಿಂದ ಒಂದು ಸರಳ ವ್ಯಾಯಾಮವಿದೆ. ನಾಲಿಗೆಯ ತುದಿಯನ್ನು ಅಲ್ಲಿಂದ ತೆಗೆಯದೆ ಬಾಯಿಯನ್ನು ನಿಧಾನವಾಗಿ, ನೇರವಾಗಿ ತೆರೆದು ಮುಚ್ಚುವುದು. ನಾಲಿಗೆ ಕಳಚಿಕೊಳ್ಳುವಷ್ಟು ಅಗಲಕ್ಕೆ ಹೋಗಬಾರದು. ಒಮ್ಮೆಗೆ ಆರು ಬಾರಿ, ದಿನಕ್ಕೆ ಆರು ಸಲ. ಐದು ನಮಾಝ್‌ಗಳ ಬಳಿಕ ಒಂದೊಂದು ಸಲ, ಮಲಗುವ ಮುನ್ನ ಇನ್ನೊಂದು ಸಲ ಎಂದು ಇಟ್ಟುಕೊಂಡರೆ ಮರೆತುಹೋಗುವುದಿಲ್ಲ. ಕನ್ನಡಿಯ ಮುಂದೆ ನಿಂತು ಮಾಡಿದರೆ ದವಡೆ ಒಂದು ಬದಿಗೆ ವಾಲುತ್ತಿದೆಯೇ ಎಂದು ತಿಳಿಯುತ್ತದೆ. ನೋವು ಹೆಚ್ಚಾದರೆ ನಿಲ್ಲಿಸಬೇಕು. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು 15 ರಿಂದ 20 ನಿಮಿಷ ಕೆನ್ನೆಗೆ ಇಟ್ಟುಕೊಂಡ ಬಳಿಕ ಮಾಡಿದರೆ ಸ್ನಾಯು ಬೇಗ ಒಪ್ಪುತ್ತದೆ. ಪೆಟ್ಟು ಬಿದ್ದ ಹೊಸ ನೋವಿಗೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಲೇಸು.

ಆಹಾರವನ್ನು ಕೆಲವು ವಾರ ಮೆತ್ತಗಾಗಿಸಬೇಕು. ಗಂಜಿ, ಮೃದುವಾದ ಅನ್ನ, ಖಿಚಡಿ, ಚೆನ್ನಾಗಿ ಬೆಂದ ಬೇಳೆ, ಮೊಟ್ಟೆ, ಮೀನು. ಗಟ್ಟಿ ಮಾಂಸವನ್ನು ಸಣ್ಣಗೆ ತುಂಡರಿಸಿ ತಿನ್ನಬೇಕು. ಚ್ಯೂಯಿಂಗ್ ಗಮ್, ಉಗುರು ಕಚ್ಚುವುದು, ಕೆನ್ನೆಗೆ ಕೈಯಾನಿಸಿ ಗಂಟೆಗಟ್ಟಲೆ ಮೊಬೈಲ್ ನೋಡುವುದು, ಭುಜ ಮತ್ತು ಕಿವಿಯ ನಡುವೆ ಫೋನ್ ಸಿಕ್ಕಿಸಿಕೊಂಡು ಅಡುಗೆ ಮಾಡುವುದು, ಇವನ್ನೆಲ್ಲ ಬಿಡಬೇಕು. ಮಿಸ್ವಾಕ್ ಬಿಡಬೇಕಾಗಿಲ್ಲ. ಅದರ ತುದಿಯನ್ನು ನೀರಿನಲ್ಲಿ ನೆನೆಸಿ ಮೆತ್ತಗಾಗಿಸಿಕೊಂಡರೆ ಸಾಕು. ಹಿಫ್ಝ್ ತರಗತಿಗಳ ಉಸ್ತಾದರಲ್ಲಿ ಒಂದು ವಿನಂತಿ: ದವಡೆ ನೋವೆಂದು ಹೇಳುವ ವಿದ್ಯಾರ್ಥಿಗೆ ಕೆಲವು ದಿನ ತಗ್ಗಿದ ಸ್ವರದಲ್ಲಿ ಓದಲು, ನಡುನಡುವೆ ವಿರಾಮ ಪಡೆಯಲು ಅನುಮತಿ ಕೊಡಿರಿ. ಅದನ್ನು ಕಳ್ಳಾಟವೆಂದು ತಿಳಿಯಬೇಡಿರಿ.

ಮಾತ್ರೆಗಳ ವಿಷಯ ಚುಟುಕಾಗಿ ಹೇಳುತ್ತೇವೆ. ಉರಿಯೂತ ತಗ್ಗಿಸುವ ಐಬುಪ್ರೊಫೇನ್‌ನಂಥ ಮಾತ್ರೆಗಳು ಕೆಲವು ದಿನಗಳ ಮಟ್ಟಿಗೆ ಉಪಕರಿಸಬಹುದು. ಆದರೆ ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ಬಳಲಿದವರು, ಹೊಟ್ಟೆಹುಣ್ಣು ಇರುವವರು, ಹೃದ್ರೋಗಿಗಳು, ಗರ್ಭಿಣಿಯರು ಅವುಗಳನ್ನು ಮೆಡಿಕಲ್ ಅಂಗಡಿಯಿಂದ ತಾವೇ ಕೊಂಡು ನುಂಗಬಾರದು. ರಮಝಾನ್‌ನಲ್ಲಿ ಖಾಲಿ ಹೊಟ್ಟೆಗೆ ಇವು ಇನ್ನೂ ಅಪಾಯಕಾರಿ. ದಿನಕ್ಕೆ ಎರಡು ಬಾರಿಯ ಮಾತ್ರೆಯನ್ನು ಇಫ್ತಾರ್ ಮತ್ತು ಸಹರಿಯ ಊಟದ ಬಳಿಕ ತೆಗೆದುಕೊಳ್ಳಲು ಸಾಧ್ಯವೇ ಎಂದು ವೈದ್ಯರನ್ನು ಮೊದಲೇ ಕೇಳಬೇಕು. ಮಾದಕ ಗುಣವುಳ್ಳ ಓಪಿಯಾಯ್ಡ್ ನೋವುನಿವಾರಕಗಳನ್ನು ಉರಿಯೂತದ ಮಾತ್ರೆಗಳ ಜೊತೆಗೂಡಿಸಿ ಕೊಡುವುದನ್ನು ಮೇಲೆ ಹೇಳಿದ ಮಾರ್ಗಸೂಚಿ ಬಲವಾಗಿ ವಿರೋಧಿಸಿದೆ.

ರಾತ್ರಿ ಹಲ್ಲು ಕಡಿಯುವವರಿಗೆ ನೈಟ್ ಗಾರ್ಡ್ ಅಥವಾ ಸ್ಪ್ಲಿಂಟ್ ಎಂಬ ಪ್ಲಾಸ್ಟಿಕ್ ಹೊದಿಕೆಯನ್ನು ದಂತವೈದ್ಯರು ಮಾಡಿಕೊಡುವುದುಂಟು. ಹಲ್ಲು ಸವೆಯದಂತೆ ಅದು ಕಾಪಾಡುತ್ತದೆ, ಸರಿ. ಆದರೆ ದೀರ್ಘಕಾಲದ ನೋವಿನ ಚಿಕಿತ್ಸೆಯಾಗಿ ಅದರ ಮೇಲೆ ಸಂಶೋಧಕರಿಗೆ ಮೊದಲಿದ್ದ ವಿಶ್ವಾಸ ಈಗ ಉಳಿದಿಲ್ಲ. 2023ರ ಮಾರ್ಗಸೂಚಿ ಅದನ್ನು ಸಾಮಾನ್ಯ ಚಿಕಿತ್ಸೆಯಾಗಿ ಬಳಸದಿರುವುದೇ ಮೇಲೆಂಬ ಕಡೆ ವಾಲಿದೆ. ಬೊಟಾಕ್ಸ್ ಚುಚ್ಚುಮದ್ದು, ಕೀಲಿಗೆ ಸ್ಟೀರಾಯ್ಡ್, ಸೂಜಿಯಿಂದ ಕೀಲನ್ನು ತೊಳೆಯುವುದು, ಲೇಸರ್ ಬೆಳಕು ಹಾಯಿಸುವುದು, ಇವುಗಳ ಬಗ್ಗೆಯೂ ಅದೇ ನಿಲುವು. ಹಲ್ಲುಗಳ ಹೊಂದಾಣಿಕೆಯನ್ನು ಶಾಶ್ವತವಾಗಿ ಬದಲಿಸುವ ಸ್ಪ್ಲಿಂಟ್‌ಗಳನ್ನು, ನೋವಿಗಾಗಿ ಡಿಸ್ಕನ್ನೇ ತೆಗೆದು ಹಾಕುವ ಶಸ್ತ್ರಕ್ರಿಯೆಯನ್ನು ಅದು ಖಂಡತುಂಡವಾಗಿ ಬೇಡವೆಂದಿದೆ. ಆಕ್ಯುಪಂಕ್ಚರ್‌ಗೆ ಷರತ್ತಿನ ಒಪ್ಪಿಗೆ ದೊರೆತಿದೆ. ನಮ್ಮವರು ಕೇಳುವ ಹಿಜಾಮಾ ಶಿಫಾರಸುಗಳ ಪಟ್ಟಿಯಲ್ಲಿ ಇಲ್ಲ. ಇಷ್ಟನ್ನು ಪ್ರಾಮಾಣಿಕವಾಗಿ ಹೇಳುವುದು ನಮ್ಮ ಕರ್ತವ್ಯ.

ಶಸ್ತ್ರಕ್ರಿಯೆ ಎಂದೆಂದಿಗೂ ಬೇಡವೆಂದು ನಾವು ಹೇಳುತ್ತಿಲ್ಲ. ಬಿದ್ದು ದವಡೆ ಮುರಿದಿದ್ದರೆ, ಕೀಲಿನಲ್ಲಿ ಗಡ್ಡೆ ಬೆಳೆದಿದ್ದರೆ, ಮಗುವಿನ ಗಲ್ಲಕ್ಕೆ ಪೆಟ್ಟು ಬಿದ್ದು ಕ್ರಮೇಣ ಕೀಲು ಮೂಳೆಗಟ್ಟಿ ಬಾಯಿಯೇ ತೆರೆಯದಂತಾಗಿದ್ದರೆ ಶಸ್ತ್ರವೈದ್ಯರೇ ಗತಿ. ಅಲ್ಲಿ ತಡ ಮಾಡುವುದು ತಪ್ಪು.

ಮನಸ್ಸಿನ ಚಿಕಿತ್ಸೆ ಎಂದೊಡನೆ ನಮ್ಮ ಮನೆಗಳಲ್ಲಿ ಮುಖ ಗಂಟಿಕ್ಕುತ್ತದೆ. “ನನ್ನ ಮಗಳಿಗೆ ಹುಚ್ಚೇ?” ಎಂಬ ಪ್ರಶ್ನೆ ಬರುತ್ತದೆ. ನೋವು ಹಿಡಿದ ಸ್ನಾಯು ಕೆನ್ನೆಯಲ್ಲಿದ್ದರೂ ನೋವಿನ ಲೆಕ್ಕ ನಡೆಯುವುದು ಮಿದುಳಿನಲ್ಲಿ. ನಿದ್ದೆಗೆಟ್ಟವರಲ್ಲಿ, ನಿರಂತರ ಆತಂಕದಲ್ಲಿ ಬದುಕುವವರಲ್ಲಿ, ದೇಹದ ಇತರ ಭಾಗಗಳಲ್ಲೂ ನೋವಿರುವವರಲ್ಲಿ ದವಡೆ ನೋವು ಹೆಚ್ಚಾಗಿ ಹುಟ್ಟುತ್ತದೆ, ಹೆಚ್ಚು ಕಾಲ ಉಳಿಯುತ್ತದೆ ಎಂಬುದನ್ನು ಅಮೆರಿಕದಲ್ಲಿ ಸಾವಿರಾರು ಮಂದಿಯನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನ ತೋರಿಸಿಕೊಟ್ಟಿದೆ. ಇದರರ್ಥ ನೋವು ಕಲ್ಪಿತವೆಂದಲ್ಲ. ನಿದ್ದೆ, ಭಯ, ಯೋಚನೆಗಳನ್ನು ಸರಿಪಡಿಸಿದರೆ ಅದೇ ನೋವಿನ ಹಿಡಿತ ಸಡಿಲಗೊಳ್ಳುತ್ತದೆ ಎಂದರ್ಥ. ಸೊಸೆಯ ನಿದ್ದೆಯನ್ನು ಕಸಿದುಕೊಂಡ ಮನೆ, ಅವಳ ಮಾತಿಗೆ ಜಾಗವಿಲ್ಲದ ಮನೆ, ಅವಳ ದವಡೆ ಬಿಗಿದುದಕ್ಕೆ ತಾನು ಜವಾಬ್ದಾರನಲ್ಲವೆಂದು ಹೇಳಲಾಗದು. ಇದು ಗಂಡಂದಿರಿಗೂ ಅತ್ತೆಯಂದಿರಿಗೂ ಸಲ್ಲುವ ಮಾತು.

ಇಲ್ಲಿ ಎಚ್ಚರಿಕೆಯ ಕೆಲವು ಸಂಗತಿಗಳನ್ನು ಹೇಳದಿದ್ದರೆ ಇದುವರೆಗೆ ಹೇಳಿದ್ದೇ ಅಪಾಯಕಾರಿಯಾದೀತು. ದವಡೆ ನೋವಿನ ಜೊತೆಗೆ ಎದೆಯಲ್ಲಿ ಬಿಗಿತ, ಬೆವರು, ಉಸಿರಾಟದ ತೊಂದರೆ ಕಂಡರೆ ಅದು ಹೃದಯಾಘಾತವಾಗಿರಬಹುದು, ನೇರವಾಗಿ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಬೇಕು. ಐವತ್ತು ದಾಟಿದವರಿಗೆ ಹೊಸದಾಗಿ ಕಣತಲೆ ನೋವು, ಜಗಿಯುವಾಗ ದವಡೆ ಸೋಲುವುದು, ದೃಷ್ಟಿ ಮಸುಕಾಗುವುದು ಶುರುವಾದರೆ ಅದು ರಕ್ತನಾಳದ ಉರಿಯೂತವಿರಬಹುದು. ತಡವಾದರೆ ಕಣ್ಣೇ ಹೋದೀತು. ಜ್ವರ ಮತ್ತು ಊತವಿದ್ದರೆ ಹಲ್ಲಿನ ಕೀವು. ಮಿಂಚು ಹೊಡೆದಂತೆ ಕ್ಷಣಕಾಲ ಬಂದು ಹೋಗುವ ನೋವು ನರದ ಕಾಯಿಲೆಯಾಗಿರಬಹುದು.

ಇನ್ನೊಂದು ನಮ್ಮ ರಾಜ್ಯದಲ್ಲಿ, ನಮ್ಮ ಮೊಹಲ್ಲಾಗಳಲ್ಲಿ ಬಹಳ ಕಾಣುವಂಥದ್ದು. ಸಾಮಾನ್ಯವಾಗಿ ವಯಸ್ಕರ ಬಾಯಿಯೊಳಗೆ ಅವರವರದೇ ಮೂರು ಬೆರಳುಗಳು ಲಂಬವಾಗಿ ಹಿಡಿಸಬೇಕು. ಹಿಡಿಸದಿದ್ದರೆ, ಜೊತೆಗೆ ಖಾರ ತಿಂದಾಗ ಬಾಯಿ ಉರಿಯುತ್ತಿದ್ದರೆ, ಕೆನ್ನೆಯ ಒಳಭಾಗ ಬಿಳಿಚಿ ಗಡುಸಾಗಿದ್ದರೆ, ಅದು ಕೀಲಿನ ಕಾಯಿಲೆಯೇ ಅಲ್ಲ. ಅಡಿಕೆ, ಗುಟ್ಕಾ, ಪಾನ್ ಮಸಾಲ ಜಗಿಯುವವರಲ್ಲಿ ಬಾಯಿಯ ಒಳಪೊರೆ ನಾರುಗಟ್ಟುವ ರೋಗವದು. ದಂತವೈದ್ಯರು ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. ಅದು ಬಾಯಿ ಕ್ಯಾನ್ಸರ್‌ನ ಹೊಸ್ತಿಲು. ವ್ಯಾಯಾಮ ಮಾಡುತ್ತಾ ಕೂತರೆ ಕಾಲ ಮೀರುತ್ತದೆ. ಕರ್ನಾಟಕ ಸರಕಾರ 2013ರಲ್ಲಿ ಗುಟ್ಕಾ ನಿಷೇಧಿಸಿತು. ಅಂಗಡಿಗಳಲ್ಲಿ ಮಸಾಲದ ಪೊಟ್ಟಣ ಬೇರೆ, ತಂಬಾಕಿನ ಪೊಟ್ಟಣ ಬೇರೆಯಾಗಿ ತೂಗಾಡತೊಡಗಿದವು. ಬೆರೆಸುವ ಕೆಲಸ ಗಿರಾಕಿಯ ಅಂಗೈಗೆ ವರ್ಗಾವಣೆಯಾಯಿತು, ಅಷ್ಟೇ. ಮದ್ಯದ ವಿರುದ್ಧ ಗುಡುಗುವ ನಮ್ಮ ಮಿಂಬರ್‌ಗಳು ಮಸೀದಿಯ ಎದುರಿನ ಅಂಗಡಿಯಲ್ಲಿ ತೂಗುವ ಈ ಮಾಲೆಗಳ ಬಗ್ಗೆ ಮೌನವಾಗಿರುವುದೇಕೆ ಎಂಬ ಪ್ರಶ್ನೆಯನ್ನು ಇಲ್ಲಿರುವ ಆಡಳಿತ ಸಮಿತಿಗಳವರೇ ಉತ್ತರಿಸಬೇಕು.

ಇನ್ನು ಹಣದ ಮಾತು. ಬಡ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ರಕ್ಷಣೆ ನೀಡುವ ಆಯುಷ್ಮಾನ್ ಭಾರತ್ ಯೋಜನೆ 2018ರಲ್ಲಿ ಬಂತು. ಅದರ ಉಪಕಾರವನ್ನು ಅಲ್ಲಗಳೆಯಲಾಗದು. ಆದರೆ ಅದು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾಗುವ ಚಿಕಿತ್ಸೆಗೆ ಸಂಬಂಧಿಸಿದ್ದು. ವಾರಕ್ಕೆರಡು ಬಾರಿ ಹೋಗಿ ದವಡೆ ಸಡಿಲಿಸಿಕೊಂಡು ಮನೆಗೆ ಬರುವ ಹೊರರೋಗಿಗೆ ಅದರಿಂದ ಕಾಸೂ ಇಲ್ಲ. ಮಂಚದ ಮೇಲೆ ಮಲಗಿಸಿ ಕೊಯ್ಯುವುದಕ್ಕೆ ಕಾರ್ಡ್ ನಡೆಯುತ್ತದೆ, ಕೊಯ್ಯದೆ ಗುಣಪಡಿಸುವುದಕ್ಕೆ ಜೇಬಿನಿಂದ ಕೊಡಬೇಕು! ಆರೋಗ್ಯ ನೀತಿಯೇ ಹೀಗೆ ಚಾಕುವಿನ ಕಡೆ ವಾಲಿದ್ದರೆ ಬಡವನು ಯಾವ ದಾರಿ ಹಿಡಿದಾನು? ತಾಲೂಕು ಆಸ್ಪತ್ರೆಗಳಲ್ಲಿ ಫಿಸಿಯೋಥೆರಪಿಯನ್ನು ಬಲಪಡಿಸಬೇಕೆಂಬ ಬೇಡಿಕೆ ನಮ್ಮ ಶಾಸಕರಿಗೆ ಕೊಡುವ ಮನವಿಗಳಲ್ಲಿ ಕಬರಸ್ಥಾನದ ತಡೆಗೋಡೆಯ ಜೊತೆಯಲ್ಲೇ ಇರಬೇಕು.

ಮುಖವನ್ನು ಮುಟ್ಟಿ, ಬಾಯಿಯೊಳಗೆ ಬೆರಳಿಟ್ಟು ಮಾಡುವ ಈ ಚಿಕಿತ್ಸೆಗೆ ಮಹಿಳಾ ಫಿಸಿಯೋಥೆರಪಿಸ್ಟರೇ ಬೇಕೆಂದು ನಮ್ಮ ಸಹೋದರಿಯರು ಬಯಸುತ್ತಾರೆ. ನ್ಯಾಯವಾದ ಬಯಕೆ. ಆದರೆ ಅವರು ಎಲ್ಲಿಂದ ಬರಬೇಕು? 2022ರಲ್ಲಿ ಹಿಜಾಬ್‌ನ ನೆಪದಲ್ಲಿ ನಮ್ಮ ಹೆಣ್ಣುಮಕ್ಕಳನ್ನು ತರಗತಿಯ ಹೊರಗೆ ನಿಲ್ಲಿಸಿದವರನ್ನು ನಾವು ಖಂಡಿಸಿದೆವು, ಖಂಡಿಸಬೇಕಾದದ್ದೇ. ಯಾರೂ ತಡೆಯದಿದ್ದಾಗಲೂ ಪಿಯುಸಿಗೆ ಓದು ನಿಲ್ಲಿಸಿ ಮದುವೆಗೆ ಅವಸರ ಮಾಡಿದ ತಂದೆಯಂದಿರನ್ನು ಯಾರು ಖಂಡಿಸಬೇಕು? ಫಿಸಿಯೋಥೆರಪಿ ಪದವಿಗೆ ವೈದ್ಯ ಪದವಿಯಷ್ಟು ಖರ್ಚಿಲ್ಲ. ನಮ್ಮ ಝಕಾತ್ ಸಮಿತಿಗಳ ವಿದ್ಯಾರ್ಥಿವೇತನದ ಅರ್ಜಿಗಳಲ್ಲಿ ಆ ಹೆಸರೇ ಅಪರೂಪ.

ಒಂದು ಪ್ರಸ್ತಾಪದೊಂದಿಗೆ ಮುಗಿಸುತ್ತೇವೆ. ಮಸೀದಿ ಕಟ್ಟಡಗಳಲ್ಲಿ ಮಧ್ಯಾಹ್ನದ ಹೊತ್ತು ಮದ್ರಸಾ ಕೋಣೆಗಳು ಖಾಲಿ ಇರುತ್ತವೆ. ಸಮಿತಿಯವರು ವಾರಕ್ಕೊಂದು ಮಧ್ಯಾಹ್ನ ಮಹಿಳಾ ಫಿಸಿಯೋಥೆರಪಿಸ್ಟರೊಬ್ಬರನ್ನು ಕರೆಸಿ, ಅವರಿಗೆ ಮರ್ಯಾದೆಯ ಸಂಭಾವನೆ ಕೊಟ್ಟು, ಮೊಹಲ್ಲಾದ ಹೆಂಗಸರಿಗೆ ಜಾತಿ ಧರ್ಮದ ಭೇದವಿಲ್ಲದೆ ಆ ಬಾಗಿಲು ತೆರೆಯಲಿ. ಒಂದು ಮೇಜು, ಒಂದು ಕನ್ನಡಿ, ಬಿಸಿನೀರಿನ ಪಾತ್ರೆ ಮತ್ತು ಒಂದು ಪರದೆ, ಇಷ್ಟು ಸಾಮಾನು ಸಾಕು. ದವಡೆ ನೋವಿನವರಿಗೆ ಮಾತ್ರವಲ್ಲ, ಕುತ್ತಿಗೆ ಮತ್ತು ಸೊಂಟದ ನೋವಿನವರಿಗೂ ಅದು ಉಪಯೋಗವಾಗುತ್ತದೆ. ಅಸರ್ ನಮಾಝ್‌ಗೆ ಇನ್ನು ಸ್ವಲ್ಪ ಸಮಯವಿದೆ. ಪ್ರಶ್ನೆಗಳಿರುವವರು ಕೇಳಬಹುದು. ಸಹೋದರಿಯರು ಚೀಟಿಯಲ್ಲಿ ಬರೆದು ಕಳುಹಿಸಿದರೂ ಆಗುತ್ತದೆ.